ಹತ್ತಿಗೆ ಹರಿದ ನೀರು, ಹತ್ತಿ ಬಿಡಿಸುವವರಿಗೆ ಬಂದ ರೋಗ

(ಸಂಘದ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಆರೋಗ್ಯದ ಕುರಿತು ಮಾತನಾಡಿ ಎಂದು ಸಂಘಟಕರು ಕೇಳಿಕೊಂಡಾಗ ನಾನು ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಬಗ್ಗೆ ಮಾತನಾಡುತ್ತೇನೆಂದು ಅವರು ಭಾವಿಸಿದ್ದಿರಬೇಕು. ಅವುಗಳ ಬಗ್ಗೆ ಹೇಳುವವರು ಬಹಳ ಮಂದಿ ಇದ್ದಾರೆ. ನಾನು ಇಂದು ಆರಿಸಿಕೊಂಡ ರೋಗದ ಹೆಸರು ಬಿಲ್‌ಹಾರ್ಜಿಯಾ. ವೈದ್ಯಕೀಯ ಪುಸ್ತಕಗಳಲ್ಲಿ ಇದಕ್ಕೆ ಶಿಸ್ಟೊಸೋಮಿಯಾಸಿಸ್ ಎನ್ನುತ್ತಾರೆ. ನಮ್ಮೂರಲ್ಲಿ ಇಲ್ಲದ ರೋಗದ ಬಗ್ಗೆ ನಮಗೇಕೆ ಎಂದು ನೀವು ಕೇಳಬಹುದು. ಒಂದೇ ದಿನ ಮಾತ್ರೆ ನುಂಗಿದರೆ ಬಹುಪಾಲು ವಾಸಿಯಾಗುವ ರೋಗವಿದು. ಹಾಗಿದ್ದೂ ನೂರು ವರ್ಷಗಳಿಂದ ಒಂದೇ ಜಾಗದಲ್ಲಿ, ಒಂದೇ ವರ್ಗದ ಜನರನ್ನು ಬಿಟ್ಟು ಹೋಗಿಲ್ಲ. ಅದು ಏಕೆಂದು ತಿಳಿಯುವುದು ನಮಗೂ ಉಪಯುಕ್ತ ಎಂಬುದು ನನ್ನ ಅಭಿಪ್ರಾಯ.

ಆ ಜಾಗ ಸುಡಾನ್ ದೇಶದ ಗೆಝಿರಾ. ಅರಬಿ ಓದಿರುವ ನಿಮ್ಮಲ್ಲಿ ಹಲವರಿಗೆ ಜಝೀರಾ ಎಂದರೆ ದ್ವೀಪ ಎಂದು ಗೊತ್ತು. ಖಾರ್ಟೂಮ್ ನಗರದ ದಕ್ಷಿಣಕ್ಕೆ ನೀಲಿ ನೈಲ್ ಮತ್ತು ಬಿಳಿ ನೈಲ್ ನದಿಗಳ ನಡುವೆ ಇರುವ ಸಪಾಟಾದ ಕಪ್ಪು ಮಣ್ಣಿನ ಪ್ರದೇಶವಿದು. ಅಲ್ಲಿನ ಎರೆಭೂಮಿಯ ಚಿತ್ರ ನೋಡಿದರೆ ರಾಯಚೂರು, ವಿಜಯಪುರದ ಕಡೆಯವರಿಗೆ ತಮ್ಮ ಹೊಲವೇ ನೆನಪಾಗಬಹುದು. ಬ್ರಿಟಿಷರು ತಮ್ಮ ಬಟ್ಟೆ ಗಿರಣಿಗಳಿಗೆ ಉದ್ದನೆಯ ಎಳೆಯ ಹತ್ತಿ ಬೇಕೆಂದು ನೀಲಿ ನೈಲ್‌ಗೆ ಸೆನ್ನಾರ್ ಎಂಬಲ್ಲಿ ಅಣೆಕಟ್ಟು ಕಟ್ಟಿದರು. 1925ರಲ್ಲಿ ಅದು ಮುಗಿಯಿತು. ಮುಂದೆ 1950 ಮತ್ತು 60ರ ದಶಕಗಳಲ್ಲಿ ಮನಾಗಿಲ್ ವಿಸ್ತರಣೆಯೂ ಸೇರಿ ನೀರಾವರಿ ಪ್ರದೇಶ ಸುಮಾರು 21 ಲಕ್ಷ ಫದ್ದಾನ್‌ಗಳಿಗೆ ಬೆಳೆಯಿತು. ಒಂದು ಫದ್ದಾನ್ ಎಂದರೆ ನಮ್ಮ ಒಂದು ಎಕರೆಗಿಂತ ತುಸು ಹೆಚ್ಚು. ಒಂದೇ ಆಡಳಿತದ ಅಡಿಯಲ್ಲಿ ಇಷ್ಟು ದೊಡ್ಡ ನೀರಾವರಿ ಜಗತ್ತಿನಲ್ಲೇ ಅಪರೂಪ.

ಇದರ ರಚನೆಯನ್ನು ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ರೋಗದ ಗುಟ್ಟು ಅಲ್ಲೇ ಇದೆ. ಅಣೆಕಟ್ಟಿನಿಂದ ಮುಖ್ಯ ಕಾಲುವೆ, ಅದರಿಂದ ದೊಡ್ಡ ಉಪಕಾಲುವೆ, ಅದರಿಂದ ಸಣ್ಣ ಕಾಲುವೆ, ಸಣ್ಣ ಕಾಲುವೆಯಿಂದ ಹೊಲಕ್ಕೆ ಹೋಗುವ ನಾಲೆ. ಈ ನಾಲೆಗೆ ಅಲ್ಲಿನ ರೈತರು ಅಬೂ ಇಶ್ರೀನ್, ಅಂದರೆ 'ಇಪ್ಪತ್ತರಪ್ಪ' ಎನ್ನುತ್ತಾರೆ. ಅದಕ್ಕಿಂತ ಚಿಕ್ಕದು ಅಬೂ ಸಿತ್ತ, 'ಆರರಪ್ಪ'. ಪಂಪುಗಳಿಲ್ಲ, ಇಳಿಜಾರಿನಲ್ಲಿ ನೀರು ತಾನೇ ಹರಿಯುತ್ತದೆ. ಇಂಜಿನಿಯರಿಂಗ್ ದೃಷ್ಟಿಯಿಂದ ಬಹಳ ಚೆಂದದ ಕೆಲಸ. ಆದರೆ ರೈತರು ಹೊಲಕ್ಕೆ ನೀರು ಹಾಯಿಸುವುದು ಹಗಲಲ್ಲಿ. ನದಿಯ ನೀರು ರಾತ್ರಿಯೂ ಬರುತ್ತಲೇ ಇರುತ್ತದೆ. ಆ ರಾತ್ರಿಯ ನೀರನ್ನು ಏನು ಮಾಡುವುದು? ಸಣ್ಣ ಕಾಲುವೆಗಳನ್ನೇ ಅಗಲವಾಗಿ ತೋಡಿ, ತೂಬು ಹಾಕಿ, ನೀರನ್ನು ಅಲ್ಲೇ ನಿಲ್ಲಿಸುವ ಏರ್ಪಾಟು ಮಾಡಿದರು. ಹೀಗೆ ಸಾವಿರಾರು ಮೈಲಿ ಉದ್ದಕ್ಕೆ ನಿಧಾನವಾದ, ಬೆಚ್ಚಗಿನ, ಜೊಂಡು ಬೆಳೆದ ನೀರು ವರ್ಷದ ಬಹುಪಾಲು ನಿಂತಿತು. ಬಸವನ ಹುಳುವಿಗೆ ಇದಕ್ಕಿಂತ ಒಳ್ಳೆಯ ಮನೆ ಬೇರೆ ಇಲ್ಲ.

ಈಗ ಈ ಹುಳುವಿನ ಕತೆ. 1851ರಲ್ಲಿ ಕೈರೋದ ಕಸ್ರ್ ಅಲ್-ಐನಿ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ತಿಯೋಡರ್ ಬಿಲ್‌ಹಾರ್ಜ್ ಎಂಬ ಜರ್ಮನ್ ವೈದ್ಯ ಶವಪರೀಕ್ಷೆಯ ವೇಳೆ ರಕ್ತನಾಳದೊಳಗೆ ಒಂದು ಹುಳುವನ್ನು ಕಂಡ. ರೋಗಕ್ಕೆ ಅವನ ಹೆಸರು ಬಂದಿದ್ದು ಹಾಗೆ. ರೋಗವೇನೂ ಹೊಸದಲ್ಲ. 1910ರಲ್ಲಿ ಮಾರ್ಕ್ ಆರ್ಮಾಂಡ್ ರಫರ್ ಎಂಬವರು ಮೂರು ಸಾವಿರ ವರ್ಷ ಹಳೆಯ ಈಜಿಪ್ಟಿನ ಮಮ್ಮಿಗಳ ಮೂತ್ರಪಿಂಡದಲ್ಲಿ ಇದರ ಮೊಟ್ಟೆಗಳನ್ನು ತೋರಿಸಿಕೊಟ್ಟರು. ಆದರೆ ಅದು ಮನುಷ್ಯನೊಳಗೆ ಹೇಗೆ ಬರುತ್ತದೆಂಬುದು 1915ರವರೆಗೂ ಸ್ಪಷ್ಟವಾಗಿರಲಿಲ್ಲ. ಆ ವರ್ಷ ರಾಬರ್ಟ್ ಲೈಪರ್ ಈಜಿಪ್ಟಿನಲ್ಲಿ ಬಸವನ ಹುಳುವಿನ ಪಾತ್ರವನ್ನು ಸಾಬೀತುಪಡಿಸಿದರು.

ಸಂಗತಿ ಹೀಗಿದೆ. ರೋಗಿಯ ಮೂತ್ರ ಅಥವಾ ಮಲದಲ್ಲಿ ಮೊಟ್ಟೆಗಳು ಹೊರಬರುತ್ತವೆ. ಸಿಹಿನೀರು ತಗಲಿದ ಕೂಡಲೇ ಅವು ಒಡೆದು ಮರಿ ಈಜತೊಡಗುತ್ತದೆ. ಸುಮಾರು ಒಂದು ದಿನದೊಳಗೆ ಅದಕ್ಕೆ ಸರಿಯಾದ ಜಾತಿಯ ಬಸವನ ಹುಳು ಸಿಗಬೇಕು, ಇಲ್ಲವಾದರೆ ಸತ್ತುಹೋಗುತ್ತದೆ. ಸಿಕ್ಕರೆ ಅದರೊಳಗೆ ಕೆಲವು ವಾರ ಬೆಳೆದು, ಒಂದರಿಂದ ಸಾವಿರಾರು ಆಗಿ, ಬಾಲವುಳ್ಳ ಸೂಕ್ಷ್ಮ ಮರಿಗಳಾಗಿ ನೀರಿಗೆ ಬರುತ್ತವೆ. ಈ ನೀರನ್ನು ಕುಡಿಯಲೇಬೇಕೆಂದಿಲ್ಲ. ಕಾಲು ಅದ್ದಿದರೆ ಸಾಕು. ಕೆಲವೇ ನಿಮಿಷಗಳಲ್ಲಿ ಅವು ಚರ್ಮವನ್ನು ಕೊರೆದು ಒಳಹೋಗುತ್ತವೆ. ಒಳಗೆ ಹೋದ ಮೇಲೆ ಗಂಡು ಹೆಣ್ಣು ಜೋಡಿಯಾಗಿ ರಕ್ತನಾಳದಲ್ಲಿ ವರ್ಷಗಟ್ಟಲೆ ಬದುಕುತ್ತವೆ. ತೊಂದರೆ ಕೊಡುವುದು ಹುಳುಗಳಿಗಿಂತ ಹೆಚ್ಚಾಗಿ ಮೊಟ್ಟೆಗಳು. ಹೊರಹೋಗದ ಮೊಟ್ಟೆಗಳು ಅಂಗಾಂಗಗಳಲ್ಲಿ ಸಿಕ್ಕಿಕೊಂಡು ಗಾಯ ಮಾಡುತ್ತವೆ. ಗೆಝಿರಾದಲ್ಲಿ ಎರಡು ಬಗೆ ಇವೆ. ಒಂದು ಮೂತ್ರಕೋಶವನ್ನು ಹಿಡಿಯುತ್ತದೆ. ಮೂತ್ರದಲ್ಲಿ ರಕ್ತ, ಬಹುಕಾಲದ ನಂತರ ಕೆಲವರಿಗೆ ಮೂತ್ರಕೋಶದ ಕ್ಯಾನ್ಸರ್. ಇನ್ನೊಂದು ಕರುಳು ಮತ್ತು ಪಿತ್ತಜನಕಾಂಗವನ್ನು ಹಿಡಿಯುತ್ತದೆ. ಯಕೃತ್ತು ಗಟ್ಟಿಯಾಗುತ್ತದೆ, ಹೊಟ್ಟೆ ಉಬ್ಬುತ್ತದೆ, ಕೊನೆಗೆ ರಕ್ತ ವಾಂತಿ. ಈಜಿಪ್ಟಿನ ಮಹಾನ್ ಗಾಯಕ ಅಬ್ದುಲ್ ಹಲೀಂ ಹಾಫಿಝ್ 1977ರಲ್ಲಿ ಲಂಡನ್ನಿನ ಆಸ್ಪತ್ರೆಯಲ್ಲಿ ತೀರಿಕೊಂಡದ್ದು ಈ ರೋಗ ತಂದಿಟ್ಟ ಯಕೃತ್ತಿನ ತೊಂದರೆಯಿಂದಲೇ. ಹಳ್ಳಿಯ ಹುಡುಗನಾಗಿದ್ದಾಗ ಅಂಟಿದ್ದು, ಕೀರ್ತಿ ಬಂದ ಮೇಲೂ ಬಿಡಲಿಲ್ಲ.

ಇನ್ನು ಗೆಝಿರಾಕ್ಕೆ ಮರಳೋಣ. ಭೂಮಿಯನ್ನು ಗೇಣಿದಾರರಿಗೆ ಹಂಚಲಾಗಿತ್ತು. ಆದರೆ ಹತ್ತಿ ಬಿಡಿಸುವ ಕಾಲದಲ್ಲಿ, ಅಂದರೆ ಜನವರಿಯಿಂದ ಏಪ್ರಿಲ್ ಸುಮಾರಿಗೆ, ಒಂದು ಕುಟುಂಬದಿಂದ ಆಗುವ ಕೆಲಸ ಅದಲ್ಲ. ಲಕ್ಷಗಟ್ಟಲೆ ಕೂಲಿಗಳು ಬೇಕು. ಅವರು ಎಲ್ಲಿಂದ ಬಂದರು? ಪಶ್ಚಿಮ ಸುಡಾನಿನ ಕೊರ್ದೋಫಾನ್, ದಾರ್ಫುರ್‌ನಿಂದ ಬಂದರು. ಇನ್ನೂ ದೂರದ ಉತ್ತರ ನೈಜೀರಿಯಾದ ಕಡೆಯಿಂದಲೂ ಬಂದರು. ಈ ಎರಡನೆಯವರ ವಿಷಯ ನಮ್ಮ ಮನಸ್ಸಿಗೆ ಹತ್ತಿರವಾದದ್ದು. ವಿಮಾನವಿಲ್ಲದ ಕಾಲದಲ್ಲಿ ಪಶ್ಚಿಮ ಆಫ್ರಿಕಾದ ಬಡ ಮುಸ್ಲಿಮರು ಹಜ್ಜ್‌ಗೆ ಕಾಲ್ನಡಿಗೆಯಲ್ಲಿ ಹೊರಡುತ್ತಿದ್ದರು. ಖಂಡವನ್ನು ಅಡ್ಡಲಾಗಿ ದಾಟಿ ಕೆಂಪು ಸಮುದ್ರ ತಲುಪಲು ವರ್ಷಗಳೇ ಹಿಡಿಯುತ್ತಿದ್ದವು. ಕೈಯಲ್ಲಿ ಹಣವಿಲ್ಲ. ದಾರಿಯಲ್ಲಿ ದುಡಿಯುವುದು, ಮುಂದಕ್ಕೆ ನಡೆಯುವುದು. ಗೆಝಿರಾ ಅವರ ದಾರಿಯಲ್ಲೇ ಇತ್ತು. ಹಡಗಿನ ಖರ್ಚಿಗೆ ಹತ್ತಿ ಬಿಡಿಸಿದರು. ಹೋದವರು ಹೋದರು, ಬಂದವರು ಬಂದರು, ಅನೇಕರು ಅಲ್ಲೇ ಉಳಿದರು. 1903ರಲ್ಲಿ ಬ್ರಿಟಿಷರು ಸೊಕೊಟೊ ರಾಜ್ಯವನ್ನು ಸೋಲಿಸಿದ ಮೇಲೆ ಅಲ್ಲಿಂದ ಪೂರ್ವಕ್ಕೆ ಹೊರಟ ಜನರೂ ಇದ್ದರು. ನೀಲಿ ನೈಲ್ ದಂಡೆಯಲ್ಲಿ ಸೆನ್ನಾರ್ ಬಳಿಯ ಮೈವುರ್ನೊ ಊರು ಅವರದೇ. ಸುಡಾನಿನವರು ಇವರನ್ನು ಫಲ್ಲಾತಾ, ತಕಾರಿರ್ ಎಂದು ಕರೆದರು. ಬರಬರುತ್ತಾ ಆ ಹೆಸರುಗಳಲ್ಲಿ ಕೀಳರಿಮೆಯ ಛಾಯೆಯೂ ಸೇರಿಕೊಂಡಿತು.

ಈ ಕೂಲಿಗಳು ಕಾಲುವೆ ದಂಡೆಯ ಮೇಲೆ ಹುಲ್ಲಿನ ಗುಡಿಸಲು ಹಾಕಿದ ಬಿಡಾರಗಳಿಗೆ 'ಕಂಬೊ' ಎನ್ನುತ್ತಾರೆ. ಇಂಗ್ಲಿಷಿನ ಕ್ಯಾಂಪ್ ಶಬ್ದವೇ ಹಾಗಾಗಿದೆ. ಬಹುವಚನ ಕನಾಬಿ. ಗೇಣಿದಾರರ ಹಳ್ಳಿಗಳಿಗೆ ಕ್ರಮೇಣ ಬಾವಿ, ನಲ್ಲಿ, ಶಾಲೆ, ಚಿಕಿತ್ಸಾಲಯ ಬಂದವು. ಕನಾಬಿಗಳು ನಕ್ಷೆಯಲ್ಲಿ ಹಳ್ಳಿಗಳಾಗಿರಲಿಲ್ಲ. ಋತು ಮುಗಿದ ಮೇಲೆ ಹೋಗುವವರಿಗೆ ಬಾವಿ ಏಕೆ ಎಂಬುದು ವಾದ. ಅವರು ಹೋಗಲಿಲ್ಲ. ಮಕ್ಕಳು, ಮೊಮ್ಮಕ್ಕಳಾದರು. ಆದರೂ ಭೂಮಿಯ ಹಕ್ಕಿಲ್ಲದ ತಾತ್ಕಾಲಿಕ ನಿವಾಸಿಗಳು ಎಂಬ ಲೆಕ್ಕದಲ್ಲೇ ಉಳಿದರು. ಕುಡಿಯುವುದು, ಬೇಯಿಸುವುದು, ಬಟ್ಟೆ ಒಗೆಯುವುದು, ಮಕ್ಕಳ ಸ್ನಾನ ಎಲ್ಲವೂ ಅದೇ ನಿಂತ ಕಾಲುವೆಯಲ್ಲಿ. ಶೌಚಾಲಯವಿಲ್ಲದ ಕಾರಣ ದಂಡೆಯೇ ಶೌಚಾಲಯ. ಇನ್ನು ಕಾಲುವೆಯ ಜೊಂಡು ಕಳೆ ಕೀಳುವ ಕೂಲಿಯ ಕೆಲಸ. ಎದೆಮಟ್ಟ ನೀರಲ್ಲಿ ದಿನವಿಡೀ ನಿಲ್ಲುವವರು ಅವರು. ಅವರಲ್ಲಿ ಸೋಂಕು ತೀವ್ರವಾಗಿರುವುದನ್ನು ಸಂಶೋಧಕರು ಕಂಡಿದ್ದಾರೆ.

ವಿಚಿತ್ರವೆಂದರೆ ಅಧಿಕಾರಿಗಳಿಗೆ ಈ ಅಪಾಯ ಆರಂಭದಲ್ಲೇ ಗೊತ್ತಿತ್ತು. ಈಜಿಪ್ಟಿನಲ್ಲಿ ಏನಾಗಿದೆಯೆಂದು ನೋಡಿದ್ದರು. 1920ರ ದಶಕದಲ್ಲಿ ಕೆಲಸಕ್ಕೆ ಬಂದ ಈಜಿಪ್ಟಿನ ಕಾರ್ಮಿಕರನ್ನು ಗಡಿಯ ವಾದಿ ಹಲ್ಫಾದಲ್ಲಿ ತಡೆದು ಪರೀಕ್ಷೆ ಮಾಡುತ್ತಿದ್ದರು. ಕಾಲುವೆಗಳಿಗೆ ಮೈಲುತುತ್ತ ಹಾಕಿ ಬಸವನ ಹುಳುಗಳನ್ನು ಕೊಲ್ಲಲು ಯತ್ನಿಸಿದರು. ಅಂದರೆ ಕೂಲಿಯಾಳಿನ ಮೈಯಲ್ಲಿರುವ ಹುಳುವನ್ನು ಹುಡುಕಿದರು, ಕಾಲುವೆಯಲ್ಲಿರುವ ಬಸವನ ಹುಳುವನ್ನು ಹುಡುಕಿದರು. ಕೂಲಿಯಾಳಿಗೆ ಕಾಲುವೆ ಬಿಟ್ಟು ಬೇರೆ ನೀರು ಕೊಡುವ ಬಗ್ಗೆ ಮಾತ್ರ ಆ ಕಾಳಜಿ ತೋರಲಿಲ್ಲ. ಇದು ನನ್ನ ಈ ದಿನದ ಮಾತಿನ ಮುಖ್ಯ ಅಂಶ.

ನಮ್ಮ ಧಾರ್ಮಿಕ ಜೀವನಕ್ಕೆ ಸಂಬಂಧಿಸಿದ ಒಂದು ವಿಚಾರವನ್ನು ಇಲ್ಲಿ ಮುಚ್ಚಿಡದೆ ಹೇಳಬೇಕು. 1960ರ ದಶಕದಲ್ಲಿ ಈಜಿಪ್ಟಿನ ನೈಲ್ ಮುಖಜಭೂಮಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 'ಈಜಿಪ್ಟ್-49' ಎಂಬ ಯೋಜನೆ ನಡೆಯಿತು. ಜನರು ಯಾವ ಯಾವ ಕೆಲಸಕ್ಕೆ ನೀರಿಗೆ ಇಳಿಯುತ್ತಾರೆ ಎಂದು ಸಂಶೋಧಕರು ದಂಡೆಯಲ್ಲಿ ಕುಳಿತು ಲೆಕ್ಕ ಹಾಕಿದರು. ಬಟ್ಟೆ ಒಗೆಯುವುದು, ಪಾತ್ರೆ ತೊಳೆಯುವುದು, ಈಜುವುದು, ಜೊತೆಗೆ ವುಝೂ. ಬಸವನ ಹುಳುವಿನಿಂದ ಮರಿಗಳು ಅತಿ ಹೆಚ್ಚಾಗಿ ಹೊರಬರುವುದು ಬಿಸಿಲೇರಿದ ನಡುಹಗಲಿನ ಆಸುಪಾಸಿನಲ್ಲಿ. ಝುಹರ್ ನಮಾಝಿನ ಹೊತ್ತಿಗೆ ಕೂಲಿಯಾಳು ಮೊಣಕೈ, ಪಾದ ತೊಳೆಯುವುದೂ ಅದೇ ನೀರಿನಲ್ಲಿ.

ಇದನ್ನು ಕೇಳಿ ಕೆಲವರು, ನೋಡಿ ಇವರ ಆಚಾರದಿಂದಲೇ ರೋಗ ಎನ್ನುತ್ತಾರೆ. ಇನ್ನು ಕೆಲವರು, ನಮ್ಮ ಧರ್ಮದಲ್ಲಿ ನಿಂತ ನೀರಿನಲ್ಲಿ ಮೂತ್ರ ಮಾಡಬಾರದೆಂದು ಪ್ರವಾದಿಯವರು(ಸ) ಆಗಲೇ ತಡೆದಿದ್ದಾರೆ, ಅದನ್ನು ಪಾಲಿಸಿದ್ದರೆ ರೋಗವೇ ಇರುತ್ತಿರಲಿಲ್ಲ ಎನ್ನುತ್ತಾರೆ. ಎರಡನೆಯ ಮಾತು ನಮ್ಮ ಸಭೆಗಳಲ್ಲಿ ಬಹಳ ಚಪ್ಪಾಳೆ ಗಿಟ್ಟಿಸುತ್ತದೆ. ಆ ತಡೆಯಲ್ಲಿ ಇರುವ ವಿವೇಕದಲ್ಲಿ ಸಂಶಯವಿಲ್ಲ. ರೋಗದ ಸರಪಳಿ ಕಡಿಯುವುದು ಸರಿಯಾಗಿ ಅಲ್ಲೇ. ಆದರೆ ಎದೆಮಟ್ಟ ನೀರಲ್ಲಿ ಎಂಟು ಗಂಟೆ ಕಳೆ ಕೀಳುವವನಿಗೆ ಶೌಚಾಲಯ ಎಷ್ಟು ದೂರದಲ್ಲಿದೆ? ಬಿಡಾರದಲ್ಲಿ ಒಂದು ಕೊಡ ಬೇರೆ ನೀರಿದೆಯೇ? ಆ ಅನುಕೂಲವನ್ನು ಒದಗಿಸದೆ ಅವನಿಗೆ ಉಪದೇಶ ಮಾಡಿದರೆ ಅದು ಉಪದೇಶ ಮಾಡುವವನ ಮನಸ್ಸಿಗೆ ಸಮಾಧಾನ ಕೊಡಬಹುದು, ಅಷ್ಟೇ. ತಾಂತ್ರಿಕವಾಗಿ ಪರಿಹಾರ ಕಷ್ಟದ್ದಲ್ಲ. ಬಸವನ ಹುಳು ಸೇರದಂತೆ ತೊಟ್ಟಿಯಲ್ಲಿ ಎರಡು ದಿನ ಮುಚ್ಚಿಟ್ಟ ನೀರಿನಲ್ಲಿ ಈ ಮರಿಗಳು ಬದುಕುವುದಿಲ್ಲ. ಒಂದು ಸಿಮೆಂಟ್ ತೊಟ್ಟಿ, ಒಂದು ನಲ್ಲಿ ಇದ್ದರೆ ವುಝೂ ಕೂಡ ನಿರಪಾಯ.

ಚಿಕಿತ್ಸೆಯ ಚರಿತ್ರೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 1918ರಲ್ಲಿ ಖಾರ್ಟೂಮಿನಲ್ಲೇ ಕ್ರಿಸ್ಟೋಫರ್ಸನ್ ಎಂಬ ವೈದ್ಯರು ಆಂಟಿಮನಿ ಲವಣವನ್ನು ರಕ್ತನಾಳಕ್ಕೆ ಚುಚ್ಚಿ ಗುಣಪಡಿಸಬಹುದೆಂದು ಪ್ರಕಟಿಸಿದರು. ವಾರಗಟ್ಟಲೆ ಚುಚ್ಚುಮದ್ದು, ವಾಂತಿ, ಹೃದಯಕ್ಕೂ ಅಪಾಯ. ಈಜಿಪ್ಟಿನಲ್ಲಿ 1980ರ ದಶಕದ ಆರಂಭದವರೆಗೂ ಇದನ್ನು ಸಾಮೂಹಿಕವಾಗಿ ಕೊಟ್ಟರು. ಸೂಜಿಗಳನ್ನು ಸರಿಯಾಗಿ ಕುದಿಸದೆ ಮತ್ತೆ ಮತ್ತೆ ಬಳಸಿದ್ದರಿಂದ ಹಳ್ಳಿಹಳ್ಳಿಗೂ ಹೆಪಟೈಟಿಸ್-ಸಿ ಹರಡಿತೆಂದು 2000ದಲ್ಲಿ ಸಂಶೋಧಕರು ತೋರಿಸಿದರು. ಒಂದು ರೋಗ ಬಿಡಿಸಲು ಹೋಗಿ ಇನ್ನೊಂದು ಅಂಟಿಸಿದ ಈ ದುರಂತವನ್ನು ವೈದ್ಯ ವಿದ್ಯಾರ್ಥಿಗಳು ಮರೆಯಬಾರದು. 1970ರ ದಶಕದಲ್ಲಿ ಪ್ರಾಜಿಕ್ವಾಂಟೆಲ್ ಎಂಬ ಮಾತ್ರೆ ಬಂದ ಮೇಲೆ ಚಿತ್ರ ಬದಲಾಯಿತು. ತೂಕಕ್ಕೆ ತಕ್ಕಂತೆ ಒಂದೇ ದಿನ ಕೊಟ್ಟರೆ ಸಾಕು, ಬೆಲೆಯೂ ಕಡಿಮೆ. 2007ರಿಂದ ಜರ್ಮನಿಯ ಮರ್ಕ್ ಕಂಪನಿ ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ಇದನ್ನು ಉಚಿತವಾಗಿ ನೀಡುತ್ತಿದೆ.

ಹಾಗಾದರೆ ರೋಗ ಏಕೆ ಉಳಿದಿದೆ? ಮಾತ್ರೆ ದೊಡ್ಡ ಹುಳುವನ್ನು ಕೊಲ್ಲುತ್ತದೆ, ಆಗತಾನೇ ಹೊಕ್ಕ ಮರಿಯನ್ನು ಅಷ್ಟಾಗಿ ಕೊಲ್ಲುವುದಿಲ್ಲ. ಮರುದಿನ ಅದೇ ಕಾಲುವೆಗೆ ಇಳಿದರೆ ಮತ್ತೆ ಸೋಂಕು. ಇದು ಒಂದು ಕಾರಣ. ಇನ್ನೊಂದು ಕಾರಣ ವಿದ್ಯಾಸಂಸ್ಥೆಯವರಾದ ನಾವು ಗಮನಿಸಬೇಕಾದದ್ದು. 2001ರಲ್ಲಿ ವಿಶ್ವ ಆರೋಗ್ಯ ಸಮ್ಮೇಳನವು ಅಪಾಯದಲ್ಲಿರುವ ಶಾಲಾ ವಯಸ್ಸಿನ ಮಕ್ಕಳಲ್ಲಿ ಶೇಕಡ 75ರಷ್ಟು ಮಂದಿಗೆ ಮಾತ್ರೆ ಮುಟ್ಟಿಸುವ ಗುರಿ ಇಟ್ಟುಕೊಂಡಿತು. ಶಾಲೆಯಲ್ಲಿ ಹಂಚುವುದು ಸುಲಭ. ಮಕ್ಕಳು ಸಾಲಾಗಿ ಸಿಗುತ್ತಾರೆ, ಮಾಸ್ತರರೇ ಕೊಡಬಹುದು. ಯೋಜನೆ ಒಳ್ಳೆಯದೇ. ಆದರೆ ವಲಸೆ ಕೂಲಿಯ ಮಗು ಶಾಲೆಯ ಹಾಜರಿ ಪುಸ್ತಕದಲ್ಲಿ ಇರುವುದಿಲ್ಲ. ಹತ್ತಿ ಬಿಡಿಸುವ ಕಾಲದಲ್ಲಿ ಅದು ಹೊಲದಲ್ಲಿರುತ್ತದೆ. ಅದರ ಅಣ್ಣಂದಿರು, ತಾಯಿ ಶಾಲೆಯ ವಯಸ್ಸು ದಾಟಿದವರು. ನೀರಿನಲ್ಲಿ ಅತಿ ಹೆಚ್ಚು ಹೊತ್ತು ಇರುವವರೇ ಹೀಗೆ ಪಟ್ಟಿಯಿಂದ ಹೊರಗೆ. 2021ರಲ್ಲಿ ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಜನರಿಗೆ ಈ ಮಾತ್ರೆ ಬೇಕಿತ್ತು, ಸಿಕ್ಕಿದ್ದು ಸುಮಾರು ಏಳೂವರೆ ಕೋಟಿ ಜನರಿಗೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಸೂಚನೆಯನ್ನು ಬದಲಿಸಿ, ಸೋಂಕು ಹೆಚ್ಚಿರುವಲ್ಲಿ ಎರಡು ವರ್ಷ ಮೇಲ್ಪಟ್ಟ ಎಲ್ಲರಿಗೂ ಕೊಡಿ ಎಂದಿತು.

ಗೆಝಿರಾದಲ್ಲಿ ಒಳ್ಳೆಯ ಪ್ರಯತ್ನವೇ ಆಗಿಲ್ಲವೆಂದಲ್ಲ. 1979ರಲ್ಲಿ ಆರಂಭವಾದ ನೀಲಿ ನೈಲ್ ಆರೋಗ್ಯ ಯೋಜನೆ ಸುಮಾರು ಹತ್ತು ವರ್ಷ ನಡೆಯಿತು. ಮಲೇರಿಯಾ, ಅತಿಸಾರ, ಬಿಲ್‌ಹಾರ್ಜಿಯಾ ಮೂರನ್ನೂ ಒಟ್ಟಿಗೆ ಹಿಡಿದು, ಮಾತ್ರೆಯ ಜೊತೆಗೆ ಶುದ್ಧ ನೀರು, ಶೌಚಾಲಯಗಳನ್ನು ಕೊಟ್ಟರು. ಸೋಂಕು ಗಣನೀಯವಾಗಿ ಇಳಿಯಿತು. ಹೊರಗಿನ ಹಣ ನಿಂತಾಗ ಅದೂ ಸೊರಗಿತು.

ಇನ್ನೊಂದು ಸಣ್ಣ ವಿಷಯ. 1970ರ ದಶಕದಲ್ಲಿ ಸುಡಾನಿನ ಕಬ್ಬು ಕಡಿಯುವವರನ್ನು ಪರೀಕ್ಷಿಸಿದ ತಂಡಕ್ಕೆ, ಸೋಂಕಿದ್ದವರ ದುಡಿಮೆಯ ಶಕ್ತಿ ಇತರರಿಗಿಂತ ಕಡಿಮೆ ಎಂದು ಕಾಣಲಿಲ್ಲ. ರೋಗದಿಂದ ಅಂಥ ನಷ್ಟವೇನಿಲ್ಲ ಎಂದು ಇದನ್ನು ಓದಬಾರದು. ನಿಜವಾಗಿ ಸೋತವನು ಕಬ್ಬಿನ ಗದ್ದೆಗೆ ಬರುವುದೇ ಇಲ್ಲ, ಗುಡಿಸಲಿನಲ್ಲಿ ಮಲಗಿರುತ್ತಾನೆ. ಹೊಲದಲ್ಲಿ ನಿಂತವರನ್ನು ಮಾತ್ರ ಅಳೆದರೆ ಎಲ್ಲರೂ ಗಟ್ಟಿಯಾಗಿಯೇ ಕಾಣುತ್ತಾರೆ.

ಈಗ ನಮ್ಮ ನಾಡಿಗೆ ಬರೋಣ. ಭಾರತದಲ್ಲಿ ಬಿಲ್‌ಹಾರ್ಜಿಯಾ ನೆಲೆಸಿಲ್ಲ. ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಗಿಂವಿ ಎಂಬ ಹಳ್ಳಿಯಲ್ಲಿ 1952ರಲ್ಲಿ ಒಂದು ಸಣ್ಣ ನೆಲೆ ಪತ್ತೆಯಾಗಿತ್ತು, ಅಷ್ಟೇ. ಆದರೆ ನಮಗೆ ನಮ್ಮದೇ ನೀರಿನ ಹುಳು ಇತ್ತು. ಉತ್ತರ ಕರ್ನಾಟಕದ ಹಿರಿಯರು ಇಲ್ಲಿದ್ದರೆ ನಾರುಹುಣ್ಣು ನೆನಪಿರಬಹುದು. ಕಾಲಿನ ಗುಳ್ಳೆಯಿಂದ ಎರಡು ಮೂರು ಅಡಿ ಉದ್ದದ ನೂಲಿನಂಥ ಹುಳು ಹೊರಬರುವುದು, ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪ ಸ್ವಲ್ಪ ಎಳೆಯುವುದು. ಇಬ್ನ್ ಸೀನಾ ಸಾವಿರ ವರ್ಷಗಳ ಹಿಂದೆಯೇ ಇದನ್ನು ಮದೀನಾದ ಹೆಸರಿನಿಂದ ಕರೆದು ವಿವರಿಸಿದ್ದಾರೆ. ಇದರ ವೈಜ್ಞಾನಿಕ ಹೆಸರಿನಲ್ಲಿ ಇಂದಿಗೂ ಮದೀನಾ ಇದೆ. ಬಿತ್ತುವ ಕಾಲದಲ್ಲಿ ಹುಳು ಹೊರಟರೆ ರೈತ, ಕೂಲಿ ವಾರಗಟ್ಟಲೆ ನೆಲ ಹಿಡಿಯುತ್ತಿದ್ದರು.

ನಾರುಹುಣ್ಣಿಗೆ ಔಷಧಿಯೇ ಇರಲಿಲ್ಲ, ಈಗಲೂ ಇಲ್ಲ. ಲಸಿಕೆಯೂ ಇಲ್ಲ. ಆದರೂ ಭಾರತದಿಂದ ಅದು ಹೋಯಿತು. 1983-84ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದಾಗ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಸುಮಾರು 40 ಸಾವಿರ ರೋಗಿಗಳಿದ್ದರು. ಕಾಲಿಳಿಸಿ ನೀರು ತುಂಬುವ ಮೆಟ್ಟಿಲು ಬಾವಿಗಳನ್ನು ಹಗ್ಗ ಹಾಕಿ ಸೇದುವ ಬಾವಿಗಳಾಗಿ ಬದಲಿಸಿದರು, ಬೋರ್‌ವೆಲ್ ಕೊರೆದರು, ನೀರನ್ನು ಬಟ್ಟೆಯಲ್ಲಿ ಸೋಸುವುದನ್ನು ಮನೆಮನೆಗೆ ಹೋಗಿ ಕಲಿಸಿದರು. ಕೊನೆಯ ರೋಗಿ 1996ರಲ್ಲಿ ರಾಜಸ್ಥಾನದ ಜೋಧಪುರದ ಕಡೆ ಸಿಕ್ಕಿದರು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತ ಎಂದು ಘೋಷಿಸಿತು. ಮದ್ದಿಲ್ಲದ ರೋಗ ನೀರು ಸರಿಪಡಿಸಿದ್ದರಿಂದ ಹೋಯಿತು. ಅಗ್ಗದ ಮದ್ದಿರುವ ರೋಗ ನೀರು ಸರಿಪಡಿಸದೆ ಗೆಝಿರಾದಲ್ಲಿ ಉಳಿಯಿತು. ಎರಡು ರೋಗಗಳ ಸ್ವಭಾವ ಒಂದೇ ಅಲ್ಲ, ಬಿಲ್‌ಹಾರ್ಜಿಯಾ ಚರ್ಮದ ಮೂಲಕ ಬರುವುದರಿಂದ ಅದನ್ನು ತಡೆಯುವುದು ಹೆಚ್ಚು ಕಷ್ಟ, ಒಪ್ಪುತ್ತೇನೆ. ಆದರೂ ಈ ಹೋಲಿಕೆ ನನ್ನನ್ನು ಕಾಡುತ್ತದೆ.

ಸುಡಾನಿನ ಇತ್ತೀಚಿನ ಸುದ್ದಿ ಒಳ್ಳೆಯದಲ್ಲ. 2023ರ ಏಪ್ರಿಲ್‌ನಲ್ಲಿ ಶುರುವಾದ ಅಂತರ್ಯುದ್ಧ ಅದೇ ವರ್ಷ ಡಿಸೆಂಬರಿನಲ್ಲಿ ಗೆಝಿರಾದ ಮುಖ್ಯ ನಗರ ವದ್ ಮದನಿಯನ್ನು ತಲುಪಿತು. ಅರೆಸೇನಾ ಪಡೆಯ ಕೈಯಲ್ಲಿದ್ದ ಆ ನಗರವನ್ನು 2025ರ ಜನವರಿಯಲ್ಲಿ ಸೇನೆ ಮರಳಿ ಪಡೆಯಿತು. ಅದರ ಬೆನ್ನಲ್ಲೇ ಕನಾಬಿಗಳ ನಿವಾಸಿಗಳ ಮೇಲೆ, ಅವರು ಎದುರಾಳಿಗಳಿಗೆ ನೆರವಾದರೆಂಬ ಆರೋಪ ಹೊರಿಸಿ, ದಾಳಿಗಳು ನಡೆದವು. ನೂರು ವರ್ಷ ಅದೇ ಕಾಲುವೆಯ ದಂಡೆಯಲ್ಲಿ ದುಡಿದವರನ್ನು ಹೊರಗಿನವರು ಎಂದು ಗುರುತಿಸುವುದು ಕಷ್ಟವಾಗಲಿಲ್ಲ. ಅವರ ಗುಡಿಸಲುಗಳೇ ಬೇರೆಯಾಗಿದ್ದವಲ್ಲ. ಹಿಂದೊಮ್ಮೆ, 1995ರಲ್ಲಿ, ಸುಡಾನಿನ ಅಂತರ್ಯುದ್ಧವನ್ನು ನಾರುಹುಣ್ಣಿನ ಕೆಲಸಕ್ಕೆಂದೇ ಸುಮಾರು ಆರು ತಿಂಗಳು ನಿಲ್ಲಿಸಿದ್ದರು. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ನಡುವೆ ನಿಂತು ಮಾಡಿಸಿದ ಕದನ ವಿರಾಮ ಅದು.

ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಿಗೆ ಪ್ರತಿ ವರ್ಷ ಕಬ್ಬು ಕಡಿಯಲು ಬೇರೆ ಕಡೆಯಿಂದ ಕುಟುಂಬ ಸಮೇತ ಬರುವವರನ್ನು ನೀವು ನೋಡಿರುತ್ತೀರಿ. ರಸ್ತೆ ಬದಿ, ಕಾಲುವೆ ಬದಿ ಗುಡಿಸಲು ಹಾಕಿರುತ್ತಾರೆ. ನಮ್ಮ ಕಾಲುವೆಯಲ್ಲಿ ಬಿಲ್‌ಹಾರ್ಜಿಯಾ ಇಲ್ಲದಿದ್ದರೂ ಅಮೀಬಾ, ಗಿಯಾರ್ಡಿಯಾಗಳಿಗೇನೂ ಕೊರತೆಯಿಲ್ಲ. ಈ ಹಂಗಾಮಿನಲ್ಲಿ ನಿಮ್ಮೂರ ಬಳಿ ಅಂಥ ಬಿಡಾರವಿದ್ದರೆ ಒಂದು ಭಾನುವಾರ ಹೋಗಿ ನಾಲ್ಕು ಪ್ರಶ್ನೆ ಕೇಳಿ ಬರೆದುಕೊಳ್ಳಿ. ಕುಡಿಯುವ ನೀರು ಎಲ್ಲಿಂದ ತರುತ್ತೀರಿ, ಶೌಚಕ್ಕೆ ಎಲ್ಲಿಗೆ ಹೋಗುತ್ತೀರಿ, ಮಕ್ಕಳು ಯಾವ ಶಾಲೆಯ ಹಾಜರಿಯಲ್ಲಿದ್ದಾರೆ, ಜಂತುಹುಳುವಿನ ಮಾತ್ರೆ ಕೊನೆಯ ಸಲ ಯಾವಾಗ ಸಿಕ್ಕಿತು. ಬರೆದದ್ದನ್ನು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಗ್ರಾಮ ಪಂಚಾಯತಿಗೂ ಕೊಡಿ, ಒಂದು ಪ್ರತಿ ನಮ್ಮ ಸಂಘದ ಕಚೇರಿಗೂ ಇರಲಿ. ಕಾರ್ಖಾನೆಗಳು ಕಬ್ಬು ಅರೆಯುವುದನ್ನು ಸಾಮಾನ್ಯವಾಗಿ ಅಕ್ಟೋಬರ್, ನವೆಂಬರ್ ಹೊತ್ತಿಗೆ ಆರಂಭಿಸುತ್ತವೆ. ಆ ಹೊತ್ತಿಗೆ ಬಿಡಾರಗಳು ಬಂದಿರುತ್ತವೆ.